ಬ್ಯಾಟರಿ ಬದಲಿಸುವ ಮೊದಲು ಒಮ್ಮೆ ಅಳೆದು ನೋಡಿ

ಮಾನ್ಯ ಸಂಪಾದಕರೇ,

ಮೇ ತಿಂಗಳ ರಜೆ ಮುಗಿಸಿ ಜನ ಊರಿನಿಂದ ವಾಪಸ್ ಬರುವ ಹೊತ್ತಿಗೆ ನಮ್ಮ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಸೊಸೈಟಿಗಳಲ್ಲಿ ಪ್ರತಿ ವರ್ಷ ಒಂದೇ ಗೋಳು. ಕಾರು ಸ್ಟಾರ್ಟ್ ಆಗುವುದಿಲ್ಲ. ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೋ ಮಂಗಳೂರಿಗೋ ಹೋದವರು ಕಾರಿಗೆ ಕವರ್ ಹಾಕಿ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗಿರುತ್ತಾರೆ. ಬಂದು ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುವ ಸದ್ದು ಬಿಟ್ಟು ಬೇರೇನೂ ಇಲ್ಲ. ಫೋನ್ ಮಾಡಿದರೆ ಅಂಗಡಿಯ ಹುಡುಗ ಸ್ಕೂಟರಿನಲ್ಲಿ ಹೊಸ ಬ್ಯಾಟರಿ ಇಟ್ಟುಕೊಂಡೇ ಬರುತ್ತಾನೆ. ‘ಎಷ್ಟು ವರ್ಷ ಆಯ್ತು?’ ಅಂತ ಒಂದೇ ಪ್ರಶ್ನೆ. ‘ಮೂರು’ ಅಂದರೆ ‘ಹಾಗಾದ್ರೆ ಹೋಯ್ತು ಬಿಡಿ’ ಅನ್ನುತ್ತಾನೆ. ಮೀಟರ್ ಹಚ್ಚಿ ನೋಡುವುದೂ ಇಲ್ಲ. ನಾಲ್ಕೈದು ಸಾವಿರ ರೂಪಾಯಿ ಅಲ್ಲೇ ಕೈಬಿಟ್ಟು ಹೋಗುತ್ತದೆ. ಇದನ್ನು ನೋಡಿ ನೋಡಿ ಬೇಜಾರಾಗಿ ಈ ಪತ್ರ ಬರೆಯುತ್ತಿದ್ದೇನೆ.

ಖಾಲಿಯಾದ ಗ್ಯಾಸ್ ಸಿಲಿಂಡರನ್ನು ಯಾರೂ ಹಾಳಾಯಿತು ಅನ್ನುವುದಿಲ್ಲ, ಅಲ್ವಾ? ಬ್ಯಾಟರಿ ವಿಷಯದಲ್ಲಿ ಮಾತ್ರ ನಾವು ಖಾಲಿಯಾದದ್ದನ್ನೂ ಹಾಳಾದದ್ದನ್ನೂ ಒಂದೇ ಅಂದುಕೊಂಡಿದ್ದೇವೆ.

ಕಾರು ನಿಂತಿದ್ದರೂ ಅದರೊಳಗೆ ಎಲ್ಲವೂ ಮಲಗಿರುವುದಿಲ್ಲ. ಅಲಾರಂ, ರಿಮೋಟ್ ಲಾಕ್, ಗಡಿಯಾರ, ಒಳಗಿನ ಕಂಪ್ಯೂಟರ್ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕರೆಂಟ್ ಬೇಕು. ಇದು 40 ಮಿಲಿ ಆಂಪಿಯರ್ ಅಂತ ಹಿಡಿಯಿರಿ. ಈಗಿನ ಕಾರುಗಳಲ್ಲಿ ಇಷ್ಟು ಇರುವುದು ದೋಷವೇನಲ್ಲ. ಆದರೆ ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ) ಖರ್ಚಾಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್‌ನದು. ಮೂರು ವಾರ ನಿಂತರೆ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ತಿಂಗಳು ನಿಂತರೆ ಕೇಳುವುದೇ ಬೇಡ. ಪಾರ್ಕಿಂಗ್‌ನಲ್ಲೂ ಕಣ್ಣು ಬಿಟ್ಟುಕೊಂಡಿರುವ ಡ್ಯಾಶ್‌ಕ್ಯಾಮ್ ಹಾಕಿಸಿದ್ದರೆ ಇನ್ನೂ ಬೇಗ. ಇದರಲ್ಲಿ ಬ್ಯಾಟರಿಯ ತಪ್ಪೇನಿದೆ ಹೇಳಿ.

ನಮ್ಮ ಪಕ್ಕದ ಬಿಲ್ಡಿಂಗಿನ ಕುಂದಾಪುರದವರೊಬ್ಬರಿಗೆ ಕಳೆದ ಜೂನ್‌ನಲ್ಲಿ ಹೀಗೇ ಆಯಿತು. ಅಂಗಡಿಯವನು ಹೊಸದು ಹಾಕಿಸಲೇಬೇಕು ಅಂದಿದ್ದ. ನಾನು ಒಂದು ದಿನ ತಡೆಯಿರಿ ಅಂದೆ. ಬ್ಯಾಟರಿ ಬಿಚ್ಚಿ, ಚಾರ್ಜರ್ ಇರುವ ಗ್ಯಾರೇಜಿನಲ್ಲಿ ಕೊಟ್ಟು, ಕಡಿಮೆ ಕರೆಂಟಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿಸಿ, ಕೆಲವು ಗಂಟೆ ಸುಮ್ನೆ ಬಿಟ್ಟು, ಆಮೇಲೆ ಲೋಡ್ ಟೆಸ್ಟ್, ಅಂದರೆ ಜಾಸ್ತಿ ಕರೆಂಟ್ ಎಳೆದು ಬ್ಯಾಟರಿ ತಾಳುತ್ತದೆಯೇ ಅಂತ ನೋಡುವ ಪರೀಕ್ಷೆ, ಮಾಡಿಸಿದೆವು. ಪಾಸಾಯಿತು. ಆ ಕಾರು ಈಗಲೂ ಅದೇ ಬ್ಯಾಟರಿಯಲ್ಲಿ ಓಡುತ್ತಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ, ಪ್ರತಿ ಸಲ ಹೀಗಾದಾಗಲೂ ಬ್ಯಾಟರಿಯ ಆಯುಷ್ಯ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ಊರಿಗೆ ಹೊರಡುವ ದಿನ 10 ನಂಬರ್ ಸ್ಪ್ಯಾನರ್ ತೆಗೆದುಕೊಂಡು ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ ಅನ್ನುತ್ತೇನೆ. ಎರಡು ನಿಮಿಷದ ಕೆಲಸ. ವಾಪಸ್ ಬಂದ ಮೇಲೆ ಗಡಿಯಾರ, ಪವರ್ ವಿಂಡೋ ಮತ್ತೆ ಸೆಟ್ ಮಾಡಬೇಕಾಗಬಹುದು, ಅಷ್ಟೇ. ವಾಚ್‌ಮನ್ ಕೈಗೆ ಕೀ ಕೊಟ್ಟು ‘ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡು’ ಅನ್ನುವವರಿದ್ದಾರೆ. ನಿಂತಲ್ಲೇ ಐದು ನಿಮಿಷ ಇಂಜಿನ್ ಗುರುಗುಟ್ಟಿದರೆ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆಗೂ ಜಾಸ್ತಿ ರಸ್ತೆಯಲ್ಲಿ ಓಡಿಸಿದರೆ ಆ ಮಾತು ಬೇರೆ.

ಹಾಗಾದರೆ ಕಾರಿನ ಬ್ಯಾಟರಿ ಎಷ್ಟು ವರ್ಷ ಬರಬೇಕು? ಸಾಮಾನ್ಯವಾಗಿ ಮೂರರಿಂದ ಐದು. ನಮ್ಮಂಥ ಸೆಕೆಯ ಊರಿನಲ್ಲಿ ಮೂರು ಮೂರೂವರೆಗೇ ಸುಸ್ತಾಗುವುದು ಜಾಸ್ತಿ. ಚಳಿ ದೇಶಗಳಲ್ಲಿ ಬ್ಯಾಟರಿ ಹೋಗುತ್ತದೆ, ನಮಗೇನು ಚಳಿ ಇಲ್ಲವಲ್ಲ ಅನ್ನುವವರನ್ನು ಕೇಳಿದ್ದೇನೆ. ನಿಜ ಏನೆಂದರೆ ಬ್ಯಾಟರಿಯನ್ನು ಹಾಳು ಮಾಡುವುದರಲ್ಲಿ ಚಳಿಗಿಂತ ಬಿಸಿಯೇ ಮುಂದೆ. ಬಿಸಿ ಏರಿದಂತೆ ಒಳಗಿನ ನೀರು ಆರುತ್ತದೆ, ಪ್ಲೇಟಿನ ಜಾಲರಿ ಬೇಗ ಸವೆಯುತ್ತದೆ. ಚಳಿ ಆ ದೌರ್ಬಲ್ಯವನ್ನು ಬಯಲಿಗೆ ತರುತ್ತದೆ ಅಷ್ಟೇ. ಏಪ್ರಿಲ್ ಮೇ ಬಿಸಿಲಿನಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ತೆವಳುವ ಕಾರಿನ ಬಾನೆಟ್ ಒಳಗೆ ಎಷ್ಟು ಶಾಖ ಇರುತ್ತದೆ ಅಂತ ಯೋಚಿಸಿ. ಮಳೆಗಾಲ ಬಂದರೆ ಇನ್ನೊಂದು ಕಷ್ಟ. ವೈಪರ್, ಹೆಡ್‌ಲೈಟ್, ಎಸಿ, ಹಿಂದಿನ ಗಾಜಿನ ಹೀಟರ್ ಎಲ್ಲ ಒಟ್ಟಿಗೆ ಓಡುತ್ತವೆ, ಕಾರು ಮಾತ್ರ ಸಯಾನ್‌ನಲ್ಲಿ ಟ್ರಾಫಿಕ್ ಜಾಮಿಗೆ ಸಿಕ್ಕಿ ನಿಂತೇ ಇರುತ್ತದೆ, ಇಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಭಾಗ) ಕೊಡುವ ಕರೆಂಟ್ ಈ ಖರ್ಚಿಗೇ ಸರಿಹೋಗಿ ಬ್ಯಾಟರಿಗೆ ಉಳಿಯುವುದು ಕಡಿಮೆ.

ಈಗ ಅಳೆಯುವ ವಿಷಯ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಅನ್ನುವುದು ಕೆಲವು ನೂರು ರೂಪಾಯಿಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮೊದಲು, ಬ್ಯಾಟರಿಯ ಎರಡು ಟರ್ಮಿನಲ್ಲಿಗೆ ಹಚ್ಚಿ ನೋಡಿ. 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲಿದ್ದರೆ ಪೂರ್ತಿ ತುಂಬಿದೆ ಎಂದರ್ಥ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ, ಮೊದಲು ಚಾರ್ಜ್ ಮಾಡಿಸಿ, ತೀರ್ಪು ಆಮೇಲೆ. ಆಗ ತಾನೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಅಳೆಯಬೇಡಿ, ಸುಳ್ಳು ಹೇಳುತ್ತದೆ. ಆಮೇಲೆ ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಮೀಟರ್ ನೋಡುತ್ತಿರಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಆ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಇಳಿದರೆ ಅದಕ್ಕೆ ಶಕ್ತಿ ಉಳಿದಿಲ್ಲ. ಇಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5ರವರೆಗೆ ತೋರಿಸಬೇಕು. ತೋರಿಸದಿದ್ದರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ಕಡೆ ನೋಡಬೇಕು. ಅದನ್ನು ಸರಿ ಮಾಡಿಸದೆ ಹೊಸ ಬ್ಯಾಟರಿ ಹಾಕಿಸಿದರೂ ನಾಲ್ಕು ದಿನದಲ್ಲಿ ಅದೇ ಪಾಡು, ತಪ್ಪು ಮಾತ್ರ ಬ್ಯಾಟರಿ ತಲೆಗೆ. ಕೆಲವು ಹೊಸ ಕಾರುಗಳ ಕಂಪ್ಯೂಟರ್ ತಾನೇ ಈ ವೋಲ್ಟೇಜನ್ನು ಏರಿಸಿ ಇಳಿಸಿ ಮಾಡುತ್ತದೆ, ಅಂಥದ್ದಕ್ಕೆ ಸರ್ವಿಸ್ ಸೆಂಟರಿನ ಮೀಟರೇ ಸರಿ. ಬ್ಯಾಟರಿ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಒಳಗೆ ಆರು ಸೆಲ್ ಇರುತ್ತವೆ, ಆ ಕಣ್ಣು ನೋಡುವುದು ಒಂದನ್ನು ಮಾತ್ರ.

ಇದರ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ, ಅದು ಇನ್ನೂ ಅಪಾಯ. ಐದು ವರ್ಷ ಆಗಿದೆ, ಬೆಳಿಗ್ಗೆ ಇಂಜಿನ್ ಎಳೆದೂ ಎಳೆದೂ ಸ್ಟಾರ್ಟ್ ಆಗುತ್ತದೆ, ಆದರೂ ‘ಇನ್ನೊಂದು ಮಳೆಗಾಲ ನೋಡೋಣ’ ಅಂತ ಅದೇ ಕಾರಿನಲ್ಲಿ ಚೌತಿಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ರಾತ್ರಿ ಮುಂಬೈ-ಗೋವಾ ಹೆದ್ದಾರಿಗೆ ಇಳಿಯುತ್ತಾರೆ. ಮಹಾಡ್ ದಾಟಿ ಚಹಾ ಕುಡಿಯಲು ನಿಲ್ಲಿಸಿದ ಕಾರು ಮತ್ತೆ ಏಳದಿದ್ದರೆ? ಮೊದಲಾದರೆ ನಾಲ್ಕು ಜನ ತಳ್ಳಿ ಸೆಕೆಂಡ್ ಗೇರಿನಲ್ಲಿ ಎಬ್ಬಿಸುತ್ತಿದ್ದೆವು. ಆಟೋಮ್ಯಾಟಿಕ್ ಕಾರು ತಳ್ಳಿದರೆ ಏಳುವುದಿಲ್ಲ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಇಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ, ಬ್ಯಾಟರಿಯ ಪಕ್ಕೆ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ದುಡ್ಡಿನ ಮುಖ ನೋಡದೆ ಬದಲಿಸಿ. ಮೂರು ವರ್ಷ ದಾಟಿದ ಬ್ಯಾಟರಿಯನ್ನು ಊರಿಗೆ ಹೊರಡುವ ವಾರ ಮೊದಲೇ ಲೋಡ್ ಟೆಸ್ಟ್ ಮಾಡಿಸಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಅದನ್ನು ಮೊದಲು ತೆಗೆಸಿ. ನಮ್ಮ ಸಮುದ್ರದ ಗಾಳಿಗೆ ಅದು ಬೇಗ ಬರುತ್ತದೆ, ಎಷ್ಟೋ ಸಲ ಸ್ಟಾರ್ಟ್ ಆಗದಿರಲು ಅದೊಂದೇ ಕಾರಣ.

ಹೊಸದು ಕೊಳ್ಳುವಾಗ ಅದು ತಯಾರಾದ ತಿಂಗಳನ್ನು ಕೇಳಿ ನೋಡಿ, ಶೆಲ್ಫಿನಲ್ಲಿ ಆರೇಳು ತಿಂಗಳು ಕೂತದ್ದು ಬೇಡ. ವಾರಂಟಿ 48 ತಿಂಗಳು ಅಂದರೆ ಅಷ್ಟೂ ತಿಂಗಳು ಪುಕ್ಕಟೆ ಬದಲಿಸಿ ಕೊಡುತ್ತಾರೆ ಅಂತಲ್ಲ. ಒಂದು ಅವಧಿಯವರೆಗೆ ಉಚಿತ, ಆಮೇಲೆ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಆ ಲೆಕ್ಕವನ್ನು ಕಾರ್ಡಿನ ಮೇಲೆ ಓದಿ, ಸೀಲು ಹಾಕಿಸಿಕೊಳ್ಳಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಕಾರಾದರೆ ಅದರಲ್ಲಿ ಇಎಫ್‌ಬಿ ಅಥವಾ ಎಜಿಎಂ ಅನ್ನುವ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಬಗೆಯ ಬ್ಯಾಟರಿ ಇರುತ್ತದೆ. ಕಡಿಮೆಗೆ ಸಿಗುತ್ತದೆ ಅಂತ ಅದರ ಜಾಗಕ್ಕೆ ಸಾದಾ ಬ್ಯಾಟರಿ ಹಾಕಿದರೆ ಬಹಳ ದಿನ ಬಾಳುವುದಿಲ್ಲ. ಹಳೆಯದನ್ನು ಭಂಗಾರ್‌ವಾಲಾಗೆ (ಗುಜರಿಯವನಿಗೆ) ಮಾರಬೇಡಿ. ಅದರಲ್ಲಿ ಸೀಸ, ಆಸಿಡ್ ಎರಡೂ ಇವೆ. ಒಡೆದು ಆಸಿಡನ್ನು ಗಟಾರಕ್ಕೆ ಚೆಲ್ಲುವವರಿದ್ದಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು, ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲೂ ಕಡಿತ ಸಿಗುತ್ತದೆ.

ಕೊನೆಗೆ ಎರಡು ಬೇಡಿಕೆ. ಬ್ಯಾಟರಿ ಮಾರುವವರು ‘ಹೋಯ್ತು’ ಅನ್ನುವ ಮೊದಲು ಮೀಟರಿನ ಅಂಕಿಯನ್ನು ಗಿರಾಕಿಗೆ ತೋರಿಸಲಿ, ಬಿಲ್ಲಿನ ಹಿಂದೆ ಬರೆದೂ ಕೊಡಲಿ. ಇನ್ನೊಂದು, ಮುಂಬೈ, ಪುಣೆಯ ನಮ್ಮ ಕನ್ನಡ ಸಂಘಗಳಿಗೆ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಎಲ್ಲ ಚೆನ್ನಾಗಿ ನಡೆಸುತ್ತೀರಿ. ಏಪ್ರಿಲ್‌ನ ಒಂದು ಭಾನುವಾರ ಮತ್ತು ಚೌತಿಗೆ ಹದಿನೈದು ದಿನ ಮೊದಲು ಒಂದು ಭಾನುವಾರ, ಒಬ್ಬ ಮೆಕ್ಯಾನಿಕ್ ಮತ್ತು ಒಂದು ಟೆಸ್ಟರ್ ಇಟ್ಟುಕೊಂಡು ಸದಸ್ಯರ ಕಾರುಗಳ ಬ್ಯಾಟರಿ ನೋಡಿಸಿ. ಒಂದು ಕಾರಿಗೆ ಹತ್ತು ನಿಮಿಷ ಸಾಕು. ನಮ್ಮ ಕಡೆ ಯಾರಾದರೂ ಶುರು ಮಾಡಿದರೆ ಮೀಟರ್ ಹಿಡಿದು ನಿಲ್ಲಲು ನಾನು ತಯಾರಿದ್ದೇನೆ.

ಇಂತಿ,
ನಿಮ್ಮ ಓದುಗ,
ಡೊಂಬಿವಲಿ ಪೂರ್ವ