ಟೈಲ್ಸ್ ಅಂಗಡಿಗೆ ಹೋಗುವ ಮುನ್ನ

ಬೆಂಗಳೂರು

ಚಿ. ಸೌ. ವೀಣಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಹನುಮಂತನಗರದ ಮನೆಯ ಕೆಂಪು ನೆಲದ ಮೇಲೆ ಏನು ಹಾಕಿಸುವುದೆಂದು ಕೇಳಿ, ಟೈಲ್ಸಿನ ಫೋಟೋಗಳನ್ನೂ ಕಳುಹಿಸಿದ್ದೀಯೆ. ಬಣ್ಣ ನಿನ್ನ ಇಷ್ಟ, ಅದರಲ್ಲಿ ನಾನು ತಲೆಹಾಕುವುದಿಲ್ಲ. ಆದರೆ ಯಾವ ಬಗೆಯ ನೆಲ ಎಂಬುದನ್ನು ಕೆಳಗಿರುವ ಹಳೆಯ ನೆಲವೇ ತೀರ್ಮಾನಿಸಬೇಕು. ಆದ್ದರಿಂದ ಮೊದಲು ಅದನ್ನು ಪರೀಕ್ಷಿಸು. ಮೇಸ್ತ್ರಿಗಳು ಗಾರೆ ಎಳೆಯುವ ಆರಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಕೋಣೆಯ ಉದ್ದಕ್ಕೂ ಅಗಲಕ್ಕೂ ಮೂಲೆಯಿಂದ ಮೂಲೆಗೂ ಇಡಿಸಿ, ಅದರಡಿ ಬೆಳಕು ತೂರುವಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು, ತಗ್ಗು ಎಷ್ಟು ಮಿಲಿಮೀಟರ್ ಎಂದು ಅಲ್ಲೇ ನೆಲದ ಮೇಲೆ ಬರೆಸು. ನಾಣ್ಯದಿಂದ ತಟ್ಟುತ್ತ ಹೋಗು. ಟೊಳ್ಳು ಸದ್ದು ಬಂದ ಭಾಗವನ್ನು ಒಡೆದು ತೆಗೆದು ಮತ್ತೆ ತುಂಬಿಸಬೇಕು. ನಿಮ್ಮದು ಕೆಳಗಿನ ಮನೆಯಾದ್ದರಿಂದ ತೇವವನ್ನೂ ನೋಡಬೇಕು. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದೆರಡು ದಿನ ಬಿಟ್ಟು ತೆಗೆದಾಗ ಅಡಿಯಲ್ಲಿ ಹನಿ ಕಂಡರೆ, ಮರದ ಲ್ಯಾಮಿನೇಟಿನ ಯೋಚನೆಯನ್ನು ಅಲ್ಲಿಗೇ ಕೈಬಿಡು.

ಒಂದಕ್ಕೊಂದು ಸಿಕ್ಕಿಸುವ ವಿನೈಲ್ ಪಟ್ಟಿಗಳು ತೆಳ್ಳಗಿರುತ್ತವೆ, ಬೇಗ ಮುಗಿಯುತ್ತವೆ. ಆದರೆ ಎರಡು ಮೀಟರಿಗೆ 3 ಮಿಲಿಮೀಟರಿಗಿಂತ ಹೆಚ್ಚು ತಗ್ಗಿದ್ದರೆ ಕಾಲಿಟ್ಟಾಗಲೆಲ್ಲ ಬಳುಕಿ ಸಂದುಗಳ ಹಲ್ಲು ಮುರಿಯುತ್ತದೆ. ಅದರಡಿ ಫೋಮ್ ಹಾಸಿದರೆ ಸಾಕೆಂದು ಅಂಗಡಿಯವರು ಹೇಳಿದರೆ ನಂಬಬೇಡ. ನಿನ್ನ ಯಜಮಾನರು ಜಿಗಣಿಯಿಂದ ಗ್ರಾನೈಟ್ ತರಿಸೋಣವೆನ್ನುತ್ತಾರಂತೆ. ಅದನ್ನು ದಪ್ಪ ಗಾರೆಯ ಮೇಲೆ ಕೂರಿಸುವುದರಿಂದ ಎಲ್ಲ ಉಬ್ಬುತಗ್ಗೂ ಅದರೊಳಗೆ ಮುಚ್ಚಿಹೋಗುತ್ತದೆ ನಿಜ. ಆದರೆ ನೆಲ ಎರಡೂವರೆ ಇಂಚಿನಷ್ಟು ಮೇಲೆದ್ದು, ಬಾಗಿಲುಗಳನ್ನು ಕೊಯ್ಯಬೇಕಾಗುತ್ತದೆ, ಹೊಸ್ತಿಲು ಹೂತುಹೋಗುತ್ತದೆ, ಅಡುಗೆಕಟ್ಟೆ ತಗ್ಗಾಗುತ್ತದೆ. ಹತ್ತಡಿಗೆ ಹನ್ನೆರಡಡಿಯ ಕೋಣೆಗೆ ಎರಡಿಂಚಿನ ಗಾರೆಯೊಂದೇ ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಕೆಳಗಿನ ಮನೆಗೆ ಇದು ಲೆಕ್ಕಕ್ಕಿಲ್ಲ, ಮಹಡಿಯ ಕೋಣೆಗಾದರೆ ಇಂಜಿನಿಯರನ್ನು ಕೇಳದೆ ಮುಟ್ಟಬೇಡ.

ನನ್ನ ಮತ ಎರಡಡಿ ಚದರದ ವಿಟ್ರಿಫೈಡ್ ಟೈಲ್ಸಿನ ಕಡೆಗೆ, ಅದೂ ನೆಲ ಮಟ್ಟವಾದ ಮೇಲೆ ಮಾತ್ರ. ಕೆಂಪು ನೆಲ ವರ್ಷಗಟ್ಟಲೆ ತಿಕ್ಕಿಸಿಕೊಂಡು ಗಾಜಿನಂತಾಗಿರುತ್ತದೆ (ಅದನ್ನು ಮುಚ್ಚುವುದಕ್ಕೆ ನನಗೆ ಮನಸ್ಸೇ ಇಲ್ಲ, ಆದರೆ ಅಷ್ಟು ಬಿರುಕು ಬಿಟ್ಟದ್ದನ್ನು ಉಳಿಸಲಾಗದು), ಅದರ ಮೇಲೆ ಏನೂ ಕಚ್ಚುವುದಿಲ್ಲ. ಉಳಿಯಿಂದ ಕಚ್ಚು ಹೊಡೆಸಿ ಒರಟಾಗಿಸುವ ಚಿಪ್ಪಿಂಗ್ ಮಾಡಿಸಿ, ಧೂಳನ್ನು ಪೂರ್ತಿ ತೆಗೆಸಿ, ಪ್ರೈಮರ್ ಬಳಿಸಿ, ಆಮೇಲೆ ಆಳದ ಗುಂಡಿಗಳಿಗೆ ಗಾರೆ, ಉಳಿದ ಸಣ್ಣ ತಗ್ಗುಗಳಿಗೆ ತಾನೇ ಹರಿದು ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ ಹಾಕಿಸು. ಕಾಂಪೌಂಡಿಗೆ ಚೀಲದ ಮೇಲೆ ಬರೆದಷ್ಟೇ ನೀರು. ಸಲೀಸಾಗಿ ಹರಿಯಲೆಂದು ಕೆಲಸದವರು ಇನ್ನೊಂದು ಮಗ್ ಸುರಿದರೆ ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೂ ಪುಡಿಯೇಳುತ್ತದೆ.

ವಿಟ್ರಿಫೈಡ್ ಟೈಲ್ಸ್ ನೀರನ್ನು ಶೇಕಡಾ 0.5ಕ್ಕಿಂತಲೂ ಕಡಿಮೆ ಹೀರುವುದರಿಂದ ನೀರಿನಲ್ಲಿ ತೆಳ್ಳಗೆ ಕಲಸಿದ ಬರೀ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ. ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕದ ಸಂಖ್ಯೆ) ಎಂದು ಮುದ್ರಿಸಿರುವ ಅಡ್ಹೆಸಿವ್ ತರಿಸು. ಅದನ್ನು ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು ಮುದ್ದೆಯಿಟ್ಟು ಟೈಲ್ಸ್ ಒತ್ತುವ ಅಭ್ಯಾಸ ಬಹಳ ಮೇಸ್ತ್ರಿಗಳಿಗಿದೆ. ಮುದ್ದೆಗಳ ನಡುವೆ ಟೊಳ್ಳುಳಿದು, ಮುಂದೆ ಒಂದು ಕುಕ್ಕರ್ ಬಿದ್ದರೂ ಸೀಳುತ್ತದೆ. ಹಲ್ಲಿರುವ ಕರಣೆಯಿಂದ ನೆಲದ ತುಂಬ ಎಳೆಸು. ಮೊದಲು ಹಾಕಿದ ಟೈಲ್ಸುಗಳಲ್ಲಿ ಒಂದನ್ನು ಅಂಟು ಹಸಿಯಿರುವಾಗಲೇ ಎತ್ತಿಸಿ, ಬೆನ್ನಿನ ತುಂಬ ಅಂಟು ಹಿಡಿದಿದೆಯೇ ನೋಡು.

ಪೆಟ್ಟಿಗೆಗಳ ಮೇಲಿನ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇರಲಿ, ಶೇಕಡಾ ಹತ್ತರಷ್ಟು ಹೆಚ್ಚು ಕೊಳ್ಳು. ಹಾಲ್, ಕೋಣೆ, ನಡುಮನೆಗಳ ಮಟ್ಟವನ್ನು ಒಟ್ಟಿಗೇ ನಿಶ್ಚಯಿಸು. ಮಂಡಿನೋವಿರುವ ನಿನ್ನ ಅತ್ತೆಯವರು ಎಡವುವುದು ದೊಡ್ಡ ಮೆಟ್ಟಿಲನ್ನಲ್ಲ, ಅರ್ಧ ಇಂಚಿನ ಅಂಚನ್ನು. ಇನ್ನು ಕೂಲಿಯ ವಿಷಯ: ಲೆವೆಲ್ ಮಾಡುವ ಖರ್ಚನ್ನು ಚದರಡಿಯ ದರದೊಳಗೆ ಸೇರಿಸಲು ಬಿಡದೆ ಬೇರೆಯಾಗಿಯೇ ಬರೆಸಿಕೋ, ಇಲ್ಲವಾದರೆ ಆ ಕೆಲಸವನ್ನೇ ತೇಲಿಸಿಬಿಡುತ್ತಾರೆ. ಲೆಕ್ಕದ ಚೀಟಿ ಬಂದ ಮೇಲೆ ನನಗೂ ಒಮ್ಮೆ ಕಳುಹಿಸು.

ಇಂತಿ,
ನಿನ್ನ ಸೋದರಮಾವ