ಭಾನುವಾರದ ಹರಟೆ: ಉಮಾಶ್ರೀ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಮಡಿಕೇರಿಯ ನಮ್ಮ ಮನೆಯಲ್ಲೇ ಸೇರೋಣ. ಈ ಸಲ ಉಮಾಶ್ರೀ ಬಗ್ಗೆ ಮಾತು.

'ಪುಟ್ಟಕ್ಕನ ಮಕ್ಕಳು' ಯಾರಿಗೆ ಗೊತ್ತಿಲ್ಲ ಹೇಳಿ? ಮಳೆಗೆ ಕರೆಂಟ್ ಹೋದರೂ ನಮ್ಮತ್ತೆ ಟಾರ್ಚ್ ಹಿಡಿದು ಟೀವಿ ಮುಂದೆಯೇ ಕೂತಿರುತ್ತಿದ್ದರು, ಈಗ ಬರುತ್ತೆ ಅಂತ. ಆದರೆ ನನಗೆ ಜಾಸ್ತಿ ಇಷ್ಟ ನಾಟಕದ ಉಮಾಶ್ರೀ. ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ ಸಾಕವ್ವನಾದರು. ಕಳೆದುಹೋದ ಹುಂಜ ಹುಡುಕುವ ಮುದುಕಿ. ಅವರಿಗೋ ಆಗಿನ್ನೂ ಚಿಕ್ಕ ವಯಸ್ಸು! ಮುಖಕ್ಕೆ ಸುಕ್ಕು ಬರೆಯೋದು ಮೇಕಪ್ಪಿನವರ ಕೆಲಸ. ಗಂಟಲಿಗೆ ವಯಸ್ಸು ತರೋದು?

ಸಿನಿಮಾದವರು ವರ್ಷಗಟ್ಟಲೆ ಹಾಸ್ಯಕ್ಕೇ ಹೆಚ್ಚು ಕರೆದರು, ನನಗೆ ಈಗಲೂ ಬೇಜಾರು. ಕಾಸರವಳ್ಳಿಯವರ 'ಗುಲಾಬಿ ಟಾಕೀಸು' (2008) ರಾಷ್ಟ್ರಪ್ರಶಸ್ತಿ ತಂದಿತು. 2013ರಲ್ಲಿ ಮಂತ್ರಿಯಾದರು. ಸುಮ್ನೆ ರಾಜಕೀಯ ಎಳೆಯಬೇಡಿ, ಹೋದ ಸಲದ ಜಗಳವೇ ಸಾಕು.

'ಒಡಲಾಳ' ಪುಸ್ತಕ ಇದ್ದವರು ತನ್ನಿ, ಎರಡು ಪುಟ ಜೋರಾಗಿ ಓದೋಣ. ಕಾಫಿ ನಮ್ಮದು. ಕಡಂಬುಟ್ಟು ತರುವವರು ಶನಿವಾರದೊಳಗೆ ಇಲ್ಲೇ ಹೇಳಿ. ಹಿತ್ತಲ ದಾರಿಯಲ್ಲಿ ಬರಬೇಡಿ, ಜಿಗಣೆ ಇದೆ.