ಆರ್-27: ಬಾಲದ ಅಕ್ಷರ ಬಿಡಬೇಡಿ

ಮಾನ್ಯ ಸಂಪಾದಕರೇ,

ವಾಯುಪಡೆಯ ಸುದ್ದಿ ಬಂದಾಗ ‘ರಷ್ಯಾದ ಆರ್-27 ಕ್ಷಿಪಣಿ, 130 ಕಿ.ಮೀ. ವ್ಯಾಪ್ತಿ’ ಎಂಬ ಸಾಲು ಮತ್ತೆ ಮತ್ತೆ ಅಚ್ಚಾಗುತ್ತದೆ. ಯುದ್ಧವಿಮಾನದಿಂದ ಶತ್ರು ವಿಮಾನದ ಮೇಲೆ ಹಾರಿಸುವ ಈ ಆರ್-27 ಒಂದು ಕ್ಷಿಪಣಿಯಲ್ಲ, ಒಂದು ಮನೆತನ. ಹಾಕ್ ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ಬೆಳೆಯುವ ಬೀದರಿನ ಹುಡುಗ ಹುಡುಗಿಯರು ಅಗ್ನಿವೀರ್ ವಾಯು ಪರೀಕ್ಷೆಗೆ ಓದುವಾಗ ಪತ್ರಿಕೆಯನ್ನೇ ನಂಬುತ್ತಾರೆ. ಅವರಿಗೆ ಸರಿಯಾದ ಮಾಹಿತಿ ಸಿಗಲಿ.

27ರ ನಂತರದ ಅಕ್ಷರವೇ ಎಲ್ಲವನ್ನೂ ಹೇಳುತ್ತದೆ. ‘ಆರ್’ ಅಂದರೆ ರೇಡಾರ್, ‘ಟಿ’ ಅಂದರೆ ಶಾಖ, ‘ಪಿ’ ಅಂದರೆ ಎದುರಾಳಿಯ ರೇಡಾರ್ ಅಲೆಯನ್ನೇ ಹಿಡಿದು ಹೋಗುವಂಥದು. ಅದಕ್ಕೂ ಮುಂಚೆ ‘ಇ’ ಇದ್ದರೆ ದೊಡ್ಡ ಮೋಟಾರ್. ರಷ್ಯನ್ ಲಿಪಿಯ ‘ಆರ್’ ನೋಡಲು ಇಂಗ್ಲಿಷಿನ ‘ಪಿ’ ಇದ್ದಂತೆಯೇ ಇರುತ್ತದೆ. ಅದನ್ನು ಹಾಗೇ ನಕಲು ಮಾಡಿದರೆ ಆರ್-27ಆರ್ ಹೋಗಿ ಪಿ-27ಪಿ ಆಗುತ್ತದೆ, ಕ್ಷಿಪಣಿಯ ಜಾತಿಯೇ ಬದಲಾಗುತ್ತದೆ.

ಸಿಡಿತಲೆ 39 ಕೆ.ಜಿ.; ಅದರೊಳಗಿನ ಉಕ್ಕಿನ ಸಲಾಕೆಗಳು ಬಳೆಯಂತೆ ಬಿಚ್ಚಿಕೊಂಡು ವಿಮಾನವನ್ನು ಸೀಳುತ್ತವೆ. ಮಾದರಿಯಿಂದ ಮಾದರಿಗೆ ಬದಲಾಗುವುದು ಮುಖ್ಯವಾಗಿ ಮೂತಿಯ ಸೀಕರ್ (ಗುರಿ ಹುಡುಕುವ ಕಣ್ಣು) ಮತ್ತು ಹಿಂದಿನ ಮೋಟಾರ್. 27ಆರ್ ಸುಮಾರು 253 ಕೆ.ಜಿ. ತೂಗಿದರೆ 27ಇಆರ್ ಸುಮಾರು 350 ಕೆ.ಜಿ. ಮೈಯ ದಪ್ಪ 230 ಮಿ.ಮೀ.; ‘ಇ’ ಮಾದರಿಗಳಲ್ಲಿ ಮೋಟಾರಿನ ಭಾಗ ಮಾತ್ರ 260. ಫೋಟೊದಲ್ಲಿ ಹಿಂಬದಿ ಉಬ್ಬಿದ್ದರೆ ಅದು ‘ಇ’.

ಆ 130 ಕಿ.ಮೀ. ಅಂಕಿ 27ಇಆರ್‌ಗೆ ಹೇಳುವ ಗರಿಷ್ಠ. ಅದೂ ಎರಡು ವಿಮಾನಗಳು ಎತ್ತರದಲ್ಲಿ, ವೇಗವಾಗಿ, ಎದುರುಬದುರು ಬರುತ್ತಿದ್ದಾಗ. ಮೋಟಾರ್ ಉರಿಯುವುದು ಕೆಲವೇ ಸೆಕೆಂಡು. ಉಳಿದ ದಾರಿಯೆಲ್ಲ ಗಳಿಸಿದ ವೇಗದಲ್ಲೇ ತೇಲಬೇಕು. ಕೆಳಗಿನ ದಟ್ಟ ಗಾಳಿ ಆ ವೇಗವನ್ನು ಬೇಗ ತಿಂದುಹಾಕುತ್ತದೆ. ಓಡುತ್ತಿರುವ ವಿಮಾನದ ಬೆನ್ನಟ್ಟಿ, ಅದೂ ತಗ್ಗಿನಲ್ಲಿ ಹಾರಿಸಿದರೆ ಅದೇ ಕ್ಷಿಪಣಿ ಹೇಳಿದ ದೂರದ ಒಂದು ಸಣ್ಣ ಪಾಲು ಮಾತ್ರ ಮುಟ್ಟುತ್ತದೆ. ಎತ್ತರ ಮತ್ತು ದಿಕ್ಕು ಹೇಳದೆ ವ್ಯಾಪ್ತಿ ಬರೆದರೆ ಆ ಅಂಕಿಗೆ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಮಾರ್ಗದರ್ಶನದ್ದು. 27ಆರ್ ಮತ್ತು 27ಇಆರ್ ಮೊದಲು ತಮ್ಮೊಳಗಿನ ಲೆಕ್ಕದ ಮೇಲೆ, ವಿಮಾನದಿಂದ ರೇಡಿಯೊ ತಿದ್ದುಪಡಿ ಪಡೆಯುತ್ತ ಸಾಗುತ್ತವೆ. ಕೊನೆಯ ಹಂತದಲ್ಲಿ ಗುರಿಯಿಂದ ಪುಟಿದು ಬರುವ, ತಮ್ಮದೇ ವಿಮಾನದ ರೇಡಾರ್ ಅಲೆಯನ್ನು ಹಿಡಿಯುತ್ತವೆ. ಅಂದರೆ ಹಾರಿಸಿದ ಪೈಲಟ್ ಕ್ಷಿಪಣಿ ತಗಲುವವರೆಗೂ ಶತ್ರುವನ್ನು ತನ್ನ ರೇಡಾರ್ ನೋಟದೊಳಗೇ ಇಟ್ಟುಕೊಂಡಿರಬೇಕು, ಬೆನ್ನು ತಿರುಗಿಸುವಂತಿಲ್ಲ. ಜೀವ ಉಳಿಸಿಕೊಳ್ಳಲು ಪೂರ್ತಿ ಹೊರಳಿದರೋ, ರೇಡಾರ್ ಹಿಡಿತ ತಪ್ಪಿ ಕ್ಷಿಪಣಿ ಕುರುಡಾಗುತ್ತದೆ. ಎದುರಾಳಿಯ ಬಳಿ ಸ್ವಂತ ರೇಡಾರ್ ಇರುವ ಕ್ಷಿಪಣಿ ಇದ್ದರೆ ಆತ ಹಾರಿಸಿ, ಸ್ವಲ್ಪ ಹೊತ್ತಿಗೆ ಹೊರಳಿ ಪಾರಾಗಬಹುದು. ಇಥಿಯೋಪಿಯ–ಎರಿಟ್ರಿಯ ಯುದ್ಧದಲ್ಲಿ ಹಾರಿದ ಆರ್-27ಗಳಲ್ಲಿ ಬಹುಪಾಲು ಗುರಿ ತಪ್ಪಿದ ವರದಿಗಳನ್ನು ಓದುವಾಗ ಈ ಮಿತಿ ನೆನಪಿರಲಿ.

27ಟಿ ಹಾರಿಸಿದ ಮೇಲೆ ಪೈಲಟ್‌ಗೆ ಬಿಡುವು. ಆದರೆ ಅದಕ್ಕೆ ರೇಡಿಯೊ ತಿದ್ದುಪಡಿ ಇಲ್ಲ. ರೆಕ್ಕೆಯಡಿ ಇರುವಾಗಲೇ ಸೀಕರ್‌ಗೆ ಶಾಖ ಕಂಡಿರಬೇಕು. ಹಾಗಾಗಿ ಅದನ್ನು ರೆಕ್ಕೆಯಡಿಯ ಹಳಿಯಿಂದಲೇ ಜಾರಿಸುತ್ತಾರೆ, ಕೆಲವೊಮ್ಮೆ ರೇಡಾರ್ ಮಾದರಿಯನ್ನು ಮಾಡುವಂತೆ ವಿಮಾನದ ಹೊಟ್ಟೆಯಿಂದ ಕೆಳಕ್ಕೆ ತಳ್ಳಿ ಬಿಡುವುದಿಲ್ಲ. ಮೋಡ ಅಡ್ಡ ಬಂದರೆ ಕೆಲಸ ಕೆಟ್ಟಿತು. ಮೋಟಾರ್ ಎಷ್ಟೇ ದೊಡ್ಡದಿರಲಿ, ಸೀಕರ್ ಕಂಡಷ್ಟೇ ದೂರ. 27ಇಟಿಯ ಹೆಚ್ಚಿನ ಶಕ್ತಿ ನಿಜವಾಗಿ ನೆರವಾಗುವುದು ಓಡುವ ವಿಮಾನದ ಬಿಸಿ ಎಂಜಿನ್ ಕಾಣುವಾಗ.

ಫೋಟೊಗಳಲ್ಲೂ ತಪ್ಪಾಗುತ್ತದೆ. ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲವಾದ ಚಿಟ್ಟೆಯಂಥ ರೆಕ್ಕೆ ಕಂಡರೆ ಆರ್-27. ಬಾಲದಲ್ಲಿ ನಾಲ್ಕು ಜಾಲರಿ ಇದ್ದರೆ ಆರ್-77. ಅದಕ್ಕೆ ಸ್ವಂತ ರೇಡಾರ್ ಇದೆ. ಚಿಕ್ಕದಾದ, 105 ಕೆ.ಜಿ.ಯ ಆರ್-73 ಹತ್ತಿರದ ಕಾದಾಟಕ್ಕೆ.

ಇನ್ನೊಂದು ಮಾತು. ಆರ್-27 ಸೋವಿಯತ್ ಕಾಲದ ಕೂಸು. ವಿನ್ಯಾಸ ಮಾಸ್ಕೋದ ವಿಂಪೆಲ್ ಸಂಸ್ಥೆಯದು, ಆದರೆ ಉಕ್ರೇನಿನ ಕೀವ್ ನಗರದ ಆರ್ಟೆಮ್ ಕಾರ್ಖಾನೆಯೂ ಅದನ್ನು ತಯಾರಿಸಿ ಹೊರದೇಶಗಳಿಗೆ ಮಾರಿದೆ. ಆದ್ದರಿಂದ ‘ರಷ್ಯಾದ’ ಎಂದು ಬರೆಯುವ ಮುನ್ನ ಆ ಕ್ಷಿಪಣಿ ಎಲ್ಲಿ ತಯಾರಾದದ್ದೆಂದು ಒಮ್ಮೆ ವಿಚಾರಿಸಿ.

ಇಂತಿ,
ವಾಯುಸೇನಾ ವಿಷಯಾಸಕ್ತ ಓದುಗರು, ಬೀದರ್